ಹಿತ್ತಲ ಒಲೆಯ ಹೊಗೆ

॥ ಶ್ರೀ ವೀತರಾಗಾಯ ನಮಃ ॥

ಮೂಡಲಗಿ
ರವಿವಾರ, ತಾ. ೯-೧-೨೦೦೫

ಚಿ. ಸೌ. ರೂಪಾಲಿಗೆ ಮೂಡಲಗಿಯಿಂದ ನಿನ್ನ ಅಪ್ಪ ಬರೆಯುವುದು. ನಿಮ್ಮವ್ವನ ಆಶೀರ್ವಾದ. ಅಳಿಯ ಜಿನೇಂದ್ರರಿಗೆ ನಮಸ್ಕಾರ. ಯಶನನ್ನೂ ಭಕ್ತಿಯನ್ನೂ ಕೇಳಿದೆನೆಂದು ಹೇಳು.

ನಿನ್ನ ಪತ್ರ ಡಿಸೆಂಬರ್ ಹದಿನಾರಕ್ಕೆ ಮುಟ್ಟಿತು. ಇವತ್ತಿಗೆ ಇಪ್ಪತ್ನಾಲ್ಕು ದಿನವಾಯಿತು, ತಡವಾದದ್ದಕ್ಕೆ ಮನ್ನಿಸು. ಎಮ್ಮೆ ಕಟ್ಟಿದವರ ಮನೆಯ ಕಟ್ಟೆ ಕಂಡಲ್ಲೆಲ್ಲ ಕೂತು ತಾಸುಗಟ್ಟಲೆ ಮಾತಾಡಿದ ಬಾಯಿ ನನ್ನದು. ಮಗಳಿಗೆ ನಾಲ್ಕು ಸಾಲು ಬರೆಯಲು ಕೂತರೆ ಪೆನ್ನು ಒಣಗುತ್ತದೆ. ಎರಡು ಇನ್‌ಲ್ಯಾಂಡ್ ಹರಿದು ಒಗೆದೆ. ಈಗ ಬರೆಯುತ್ತಿರುವುದು ನನ್ನ ಕೆಲಸದ ವಹಿಯ ಹಾಳೆ. ಹಿಂದಿನ ಬದಿಗೆ ಯಾರದೋ ಗೋಬರ್ ಗ್ಯಾಸಿನ ಗುಂಡಿಯ ಇಟ್ಟಿಗೆಯ ಲೆಕ್ಕವಿದ್ದರೆ ಅದನ್ನು ಓದಬೇಡ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ನಿಮ್ಮ ಮನೆಯ ಫೋನು ಇರುವುದು ನಿಮ್ಮ ಮಾವನವರ ಆರಾಮಕುರ್ಚಿಯ ಬಾಜೂಕ್ಕೆ. ನಾನು ಹೇಳಬೇಕಾದದ್ದು ಆ ಕುರ್ಚಿಯ ತನಕ ಹೋಗುವಂಥದ್ದಲ್ಲ.

ನಿನ್ನ ಪತ್ರದಲ್ಲಿ ಒಟ್ಟು ಹನ್ನೊಂದು ಬೈಗುಳ ಇವೆ, ಎಣಿಸಿದ್ದೇನೆ. ಅವ್ವನನ್ನು ಗೋಕಾಕದ ದವಾಖಾನೆಯಲ್ಲಿ ಐದು ದಿನ ಇಟ್ಟದ್ದನ್ನು ನನಗೇಕೆ ತಿಳಿಸಲಿಲ್ಲ, ಮಾಲಿಂಗಪ್ಪ ಕಾಕಾನ ಮಗ ಸುನೀಲ ಕಬ್ಬು ಕಡಿದ ಹೊಲದಲ್ಲಿ ಕುರಿ ನಿಲ್ಲಿಸಲು ಸಂಕೇಶ್ವರದ ಕಡೆಗೆ ಬಂದಾಗ ಅವನ ಬಾಯಿಂದ ಕೇಳಬೇಕಾಯಿತೇ, ಎಂದು ಹತ್ತು ರೀತಿಯಲ್ಲಿ ಕೇಳಿದ್ದೀ. ಆ ಹತ್ತನ್ನೂ ಒಪ್ಪಿಕೊಂಡೆ. ಹನ್ನೊಂದನೆಯದು ಹೀಗಿದೆ: ‘ಅಪ್ಪಾ, ಮೂರ ಊರ ಮಂದಿ ಮನ್ಯಾಗಿನ ಹೊಗಿ ಬಿಡಿಸಿದಿ, ನಮ್ಮವ್ವನ ಒಲಿ ಆರಸಾಕ ನಿನಗ ಆಗಲಿಲ್ಲೇನು? ಸಂಕ್ರಾಂತಿ ಮುಗಿಸಿಕೊಂಡ ಬರ್ತೀನಿ. ಬಂದ ದಿನಾನ ಆ ಹಿತ್ತಲ ಒಲಿ ಒಡೀತೀನಿ.’

ನೀನು ಅದನ್ನು ಒಡೆಯುವ ಮೊದಲು ಈ ಪತ್ರ ನಿನ್ನ ಕೈ ಸೇರಬೇಕು. ಅದಕ್ಕಾಗಿಯೇ ಇವತ್ತು ಹಟ ಹಿಡಿದು ಕೂತಿದ್ದೇನೆ.

ಕಡೆಯಲ್ಲಿ ಒಂದು ಚೇಷ್ಟೆಯನ್ನೂ ಬರೆದಿದ್ದೀ. ಕಾಲು ಮುಟ್ಟಿದರೆ ಎಲ್ಲರ ಅಪ್ಪಂದಿರೂ ತಲೆಯ ಮೇಲೆ ಕೈ ಇಡುತ್ತಾರೆ, ನಮ್ಮಪ್ಪ ಮಾತ್ರ ಕಾದ ಹಂಚು ಕಂಡವರ ಹಾಗೆ ಹಿಂದೆ ಸರಿಯುತ್ತಾನೆ, ಈ ಸಲ ಬಿಡುವುದಿಲ್ಲ ಎಂದು. ಓದಿ ನಕ್ಕೆ. ಬಹಳ ಹೊತ್ತು ನಗಲಿಲ್ಲ.

ಮೊದಲು ನಿಮ್ಮವ್ವನ ಸುದ್ದಿ. ನಮ್ಮ ಪಡಸಾಲೆಯಿಂದ ಹಿತ್ತಲಿಗೆ ಹದಿನೆಂಟು ಹೆಜ್ಜೆ. ಹೋದ ವರ್ಷ ಕಟ್ಟಿಗೆಯ ಹೊರೆ ಹಿಡಿದು ಒಂದೇ ಸಲಕ್ಕೆ ಹೋಗುತ್ತಿದ್ದಳು. ಈಗ ಬರಿಗೈಯಲ್ಲಿ ಹೋಗುವಾಗಲೂ ಎರಡು ಕಡೆ ನಿಲ್ಲುತ್ತಾಳೆ, ಕಂಬ ಹಿಡಿದು ಒಮ್ಮೆ, ಬೀಸುವ ಕಲ್ಲಿನ ಹತ್ತಿರ ಒಮ್ಮೆ. ಮಲಗಿದರೆ ಉಸಿರು ಸಿಕ್ಕುವುದಿಲ್ಲ ಎಂದು ಗೋಡೆಗೆ ಆನಿಕೊಂಡೇ ನಿದ್ದೆ ಮಾಡುತ್ತಾಳೆ. ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ತೋರಿಸಿದರು. ‘ದಿನಾ ಎಷ್ಟ ಬೀಡಿ ಸೇದ್ತಾರ್ರಿ?’ ಎಂದು ನನ್ನನ್ನು ಕೇಳಿದರು. ಕತ್ತಲಾದರೆ ನೀರಿಗೂ ಬಾಯಿ ತೆರೆಯದ ಹೆಂಗಸು ಎಂದು ಹೇಳಿದೆ. ಬೀಡಿಯಲ್ಲ, ಒಲೆ ಎಂದೆ. ಅರ್ಧ ಎದೆ ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿಯಬೇಕಾದರೆ ಇವತ್ತಿನಿಂದಲೇ ಹೊಗೆ ಬಿಡಿಸಿರಿ ಎಂದರು. ಆಮೇಲೆ ಚೀಟಿ ಬರೆಯುತ್ತ ನನ್ನ ಉದ್ಯೋಗವೇನು ಎಂದು ಕೇಳಿದರು. ಇಪ್ಪತ್ತೊಂದು ವರ್ಷದಿಂದ ಹೊಗೆಯಿಲ್ಲದ ಗ್ಯಾಸು ಮಾಡಿಸಿಕೊಡುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ. ರೈತಕಿ ಎಂದೆ.

ದವಾಖಾನೆಗೆ ಹೋಗುವ ಐದು ದಿನ ಮುಂಚೆ ನಮ್ಮ ಮನೆಗೆ ಮಂದಿ ಬಂದಿದ್ದರು. ದಿಲ್ಲಿಯಿಂದ ಮೂವರು, ಜೊತೆಗೆ ಪರದೇಶದ ಒಬ್ಬ ಹೆಣ್ಣುಮಗಳು. ಜಗತ್ತು ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆಯಂತೆ. ಅದನ್ನು ತಡೆಯಲು ಯಾವ ದೇಶದ ಸಾಮಾನ್ಯ ಜನ ಏನು ಮಾಡುತ್ತಿದ್ದಾರೆ ಎಂಬುದನ್ನೆಲ್ಲ ಕೂಡಿಸಿ ಒಂದು ಪುಸ್ತಕ ಮಾಡುವವರಂತೆ. ಬಯಲಿನಲ್ಲಿ ಕೊಳೆಯುವ ಸಗಣಿಯಿಂದ ಏಳುವ ಗ್ಯಾಸು ಒಲೆಯ ಹೊಗೆಗಿಂತ ಎಷ್ಟೋ ಪಟ್ಟು ಬಿಸಿ ಹಿಡಿದಿಡುತ್ತದೆ, ಅದನ್ನು ಹಿಡಿದು ಉರಿಸಿದರೆ ಮನೆಗೂ ಲಾಭ, ಆಕಾಶಕ್ಕೂ ಲಾಭ ಎಂದು ವಿವರಿಸಿದರು. ಇದು ಗೊತ್ತಿಲ್ಲದೆಯೇ ನಾನು ಇಷ್ಟು ವರ್ಷ ಆಕಾಶದ ಚಾಕರಿ ಮಾಡಿದ್ದೆನಂತೆ. ಮಾಲಿಂಗಪ್ಪ ಪಕ್ಕದಲ್ಲೇ ಕೂತಿದ್ದ. ನಿನಗೆ ಗೊತ್ತಲ್ಲ, ಕುರಿ ಹಿಂಡನ್ನು ತಮ್ಮಂದಿರಿಗೆ ಬಿಟ್ಟು ನನ್ನ ಜೊತೆ ಗುಂಡಿ ಕಟ್ಟಲು ಬಂದವನು. ಇಟ್ಟಿಗೆಯ ಗುಮ್ಮಟ ತಿರುಗಿಸುವುದರಲ್ಲಿ ಗೋಕಾಕದಿಂದ ಹುಕ್ಕೇರಿಯ ತನಕ ಅವನಂಥ ಗೌಂಡಿ ಇಲ್ಲ. ಅವರು ತಂದ ಫೋಟೋಗಳಲ್ಲಿ ಸಮುದ್ರದ ನಡುವೆ ನಿಲ್ಲಿಸಿದ ಗಾಳಿಯಂತ್ರಗಳಿದ್ದವು. ಅವನ್ನು ತಿರುಗಿಸಿ ಮುರುಗಿಸಿ ನೋಡಿ, ‘ಅಣ್ಣಾರ, ಗಾಳಿಗೂ ಗಿರಣಿ ಹಾಕ್ಯಾರ ನೋಡ್ರಿ. ಮುಂದಿನ ಸಲ ಬೆಳದಿಂಗಳಕ್ಕ ಗಾಣಾ ಕಟ್ಟತಾರ,’ ಎಂದ. ಕಬ್ಬಿನ ರಸದ ಸಾರಾಯಿಯಿಂದ ಮೋಟಾರು ಓಡಿಸುವ ಊರೊಂದು ಎಲ್ಲಿಯೋ ಇದೆಯಂತೆ. ಅದಕ್ಕವನು, ನಮ್ಮ ಕಡೆಗೆ ಅದನ್ನು ಮೋಟಾರಿನ ತನಕ ಮುಟ್ಟಲು ಯಾರು ಬಿಡುತ್ತಾರೆ ಎಂದ.

ಇನ್ನೊಂದು ಫೋಟೋ ಚೀನಾದ್ದು. ಅಲ್ಲಿ ಮನೆಯ ಸಂಡಾಸೂ ಹಂದಿಯ ಗೂಡೂ ಸೇರಿ ಒಂದೇ ಗುಂಡಿಗೆ, ಆ ಗುಂಡಿಯ ಗ್ಯಾಸು ಅಡಿಗೆಮನೆಗೆ. ಮುಚ್ಚುಮರೆ ಏನೂ ಇಲ್ಲ. ಆ ಉರಿಯ ಮುಂದೆ ಒಬ್ಬ ಮುದುಕಿ ಬಾಯ್ತುಂಬ ನಗುತ್ತ ನಿಂತಿದ್ದಳು. ಆ ನಗುವನ್ನು ನಾನು ಬಹಳ ಹೊತ್ತು ನೋಡಿದೆ. ಮಾಲಿಂಗಪ್ಪ ಬೇರೆ ಕಡೆಗೆ ನೋಡಿದ.

ಎಷ್ಟು ಗುಂಡಿ ಕಟ್ಟಿಸಿದ್ದೀರಿ ಎಂದರು. ನಾಲ್ಕುನೂರ ಹದಿನೇಳು ಎಂದೆ. ಕಟ್ಟಿಸಿದ್ದು ಖರೆ. ಈಗ ಎಷ್ಟು ಉರಿಯುತ್ತಿವೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೋದ ಬೇಸಿಗೆಯಲ್ಲಿ ಸೈಕಲ್ ಮೇಲೆ ಊರೂರು ತಿರುಗಿ ನೋಡಿ ಬಂದಿದ್ದೇನೆ. ನೂರ ಮೂವತ್ತೆಂಟು. ಮಳೆ ಹೋದದ್ದಕ್ಕೆ ಮೇವು ಹೋಯಿತು, ಮೇವು ಹೋದದ್ದಕ್ಕೆ ಎಮ್ಮೆ ಹೋದವು. ಖಾಲಿ ಗುಂಡಿಯಲ್ಲಿ ಕೆಲವರು ಕಬ್ಬಿನ ಒಣ ಎಲೆಯ ರವದಿ ತುಂಬಿದ್ದಾರೆ. ಮಮದಾಪುರದ ಯಲ್ಲಪ್ಪ ಕೋಳಿ ಬಿಟ್ಟಿದ್ದಾನೆ. ಜಗತ್ತಿನ ಬಿಸಿ ಇಳಿಸಬೇಕಾದ ಗುಂಡಿಗಳನ್ನು ಜಗತ್ತಿನ ಬಿಸಿಯೇ ಮುಂಚೆ ಬಂದು ಒಣಗಿಸಿತು. ಇದನ್ನು ಹೇಳಿದ್ದರೆ ಪುಸ್ತಕದಲ್ಲಿ ನನ್ನ ಪುಟ ಇರುತ್ತಿರಲಿಲ್ಲ.

ಕಡೆಗೆ ಮನೆಯಾಕೆಯ ಫೋಟೋ ಬೇಕೆಂದರು, ಗ್ಯಾಸಿನ ಉರಿಯ ಮುಂದೆ. ನಿಮ್ಮವ್ವ ಹಿತ್ತಲಲ್ಲಿ ಕಟ್ಟಿಗೆಯ ಒಲೆ ಊದುತ್ತಿದ್ದಳು. ಕರೆದೆ. ಸೆರಗಿನಿಂದ ಬಾಯಿ ಒತ್ತಿಕೊಂಡು ಬಂದಳು. ಗ್ಯಾಸನ್ನು ನಾನೇ ಹಚ್ಚಿ, ಒಂದು ಖಾಲಿ ಬೋಗುಣಿ ಅವಳ ಕೈಗೆ ಕೊಟ್ಟು ನಿಲ್ಲಿಸಿದೆ. ಎಷ್ಟು ವರ್ಷದಿಂದ ಇದರ ಮೇಲೆ ಅಡಿಗೆ ಮಾಡುತ್ತಾರೆ ಎಂದು ಆ ಹೆಣ್ಣುಮಗಳು ಕೇಳಿಸಿದಳು. ಇಪ್ಪತ್ತು ವರ್ಷ ಎಂದೆ. ಹಾಗಾದರೆ ಹಿತ್ತಲಲ್ಲಿ ಹೊಗೆ ಏಕೆ ಎಂದಳು. ಸ್ನಾನದ ನೀರಿಗೆ ಎಂದೆ. ಅವರ ಗಾಡಿ ಓಣಿ ದಾಟಿದ ಮೇಲೆ ನಿಮ್ಮವ್ವ ಬೋಗುಣಿಯನ್ನು ಕೆಳಗಿಟ್ಟಳು.

‘ಇನ್ನೊಂದ ಸುಳ್ಳಿಗೆ ನನ್ನ ನಿಲ್ಲಿಸಿದ್ರಿ,’ ಎಂದಳು. ಅಷ್ಟೇ. ಐದನೆಯ ದಿನ ಆ ಒಲೆಯ ಮುಂದೆಯೇ ಕುಸಿದು ಕೂತಿದ್ದಳು. ಮಾಲಿಂಗಪ್ಪನ ಹೆಂಡತಿ ಫಕೀರವ್ವ ಕಂಡು ನನ್ನನ್ನು ಕೂಗಿದಳು.

ನಾನೇನೂ ಕೈ ಕಟ್ಟಿ ಕೂತಿರಲಿಲ್ಲ ರೂಪಾ. ಮೊದಲು ಹಿತ್ತಲಲ್ಲೇ ಕೊಳವೆಯಿರುವ ಒಲೆ ಕಟ್ಟಿಸಿದೆ, ಹೊಗೆಯೆಲ್ಲ ಮಾಳಿಗೆಯ ಮೇಲಕ್ಕೆ ಹೋಗುವಂಥದ್ದು. ಅದರಲ್ಲಿ ಬೂದಿ ತುಂಬಿಟ್ಟು, ಬಾಜೂಕ್ಕೆ ಮೂರು ಕಲ್ಲು ಹೂಡಿದಳು. ಆಮೇಲೆ ಬೆಳಗಾವಿಯಿಂದ ಬಿಸಿಲ ಒಲೆ ತಂದೆ, ಕನ್ನಡಿ ಹಚ್ಚಿದ ಪೆಟ್ಟಿಗೆ. ಸೂರ್ಯನಿರುವಾಗಲೇ ಉಣ್ಣುವ ಮಂದಿ ನಾವು, ಸೂರ್ಯನೇ ಬೇಯಿಸಿ ಕೊಟ್ಟರೆ ಇನ್ನೇನು ಬೇಕು ಎಂದು ನನ್ನ ಹಳೆಯ ಶೈಲಿಯಲ್ಲಿ ಅರ್ಧ ತಾಸು ಮಾತಾಡಿದೆ. ಎಲ್ಲವನ್ನೂ ಕೇಳಿ, ‘ಸೂರ್ಯಾಗ ನಾ ಏನೂ ಅಂದಿಲ್ಲ. ನನಗ ಬೇಕಾದದ್ದು ಬಿಸಲಲ್ಲ,’ ಎಂದಳು. ಅದರೊಳಗೆ ಈಗ ಹಪ್ಪಳದ ಡಬ್ಬಿ ಇದೆ. ಸಿಲಿಂಡರ್ ತಂದೆ, ಅದು ಇನ್ನೂ ಸೀಲು ಒಡೆಯದೆ ಬಾಗಿಲ ಸಂದಿಯಲ್ಲಿ ನಿಂತಿದೆ. ಆ ಪುಸ್ತಕದವರ ಹತ್ತಿರ ಇದ್ದ ಉಪಾಯಗಳಲ್ಲಿ ಗಾಳಿಯಂತ್ರ, ಕಬ್ಬಿನ ಸಾರಾಯಿ ಬಿಟ್ಟು ಉಳಿದವೆಲ್ಲ ನಮ್ಮ ಹಿತ್ತಲಿಗೆ ಬಂದು ಸೋತಿವೆ.

ಏಕೆ ಸೋತವು ಎಂಬುದು ನಿನಗೆ ಗೊತ್ತಿಲ್ಲ. ಅವ್ವನ ಹಟ ಎಂದು ತಿಳಿದಿದ್ದೀ. ಹಾಗೆ ತಿಳಿಯುವಂತೆ ಮಾಡಿದವನು ನಾನು. ಈಗ ಕೇಳು.

ನಮ್ಮ ಮನೆಗೆ ಗ್ಯಾಸು ಬಂದದ್ದು ಎಂಬತ್ನಾಲ್ಕರಲ್ಲಿ, ನೀನು ನಾಲ್ಕನೆಯ ಇಯತ್ತೆ. ನನ್ನ ಮೊದಲ ಗುಂಡಿ ಅದು. ಅಲ್ಲಿಯ ತನಕ ನಿಮ್ಮವ್ವನ ಸಂಜೆ ಎಂದರೆ ಹಸಿ ಕಟ್ಟಿಗೆಯ ಜೊತೆ ಜಗಳ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು, ಒಲೆಗೆ ಆ ಅವಸರ ತಿಳಿಯುವುದಿಲ್ಲ. ಗ್ಯಾಸು ಬಂದ ವರ್ಷ ದೀಪಾವಳಿಗೆ ಅಡಿಗೆಮನೆಯ ಗೋಡೆಗೆ ಬೆರಳು ತಿಕ್ಕಿ ನೋಡಿದಳು, ಕರಿ ಹತ್ತಲಿಲ್ಲ. ಆ ಬೆರಳನ್ನು ನನಗೆ ತೋರಿಸಿದಳು. ನನ್ನ ಜೀವನದಲ್ಲಿ ನನಗೆ ಸಿಕ್ಕ ಸನ್ಮಾನ ಅದೊಂದೇ. ದಿನಕ್ಕೆ ಒಂದು ತಾಸು ಉಳಿಯಿತು. ಆ ತಾಸಿನಲ್ಲಿ ಬಸದಿಗೆ ಹೋಗಿ ಅಕ್ಷರ ಕೂಡಿಸಿ ಓದಲು ಕಲಿತಳು. ಹನ್ನೆರಡು ವರ್ಷ ಆ ಮನೆಯಲ್ಲಿ ಕೆಮ್ಮು ಇರಲಿಲ್ಲ.

ತೊಂಬತ್ತೆರಡರಲ್ಲಿ ನಮ್ಮ ಒಂದು ಎಮ್ಮೆ ಸತ್ತಿತು, ಇನ್ನೊಂದನ್ನು ಕೊಟ್ಟೆವು. ಉಳಿದ ಒಂದು ಎಮ್ಮೆಯ ಸಗಣಿಗೆ ಎರಡು ಹೊತ್ತಿನ ಉರಿ ಬರುತ್ತಿರಲಿಲ್ಲ. ಅದೇ ಹೊತ್ತಿಗೆ, ಸಂಡಾಸು ಕೂಡಿಸಿದ ಗುಂಡಿ ಮಾಡಿಸಿರಿ, ಗ್ಯಾಸು ಹೆಚ್ಚು ಬರುತ್ತದೆ, ರೋಗ ಕಡಿಮೆಯಾಗುತ್ತದೆ ಎಂದು ಮೇಲಿನವರು ಹೇಳತೊಡಗಿದ್ದರು. ಯಾವ ಊರಿನವರೂ ಒಪ್ಪುತ್ತಿರಲಿಲ್ಲ. ಊರ ಮಂದಿಗೆ ‘ನಮ್ಮ ಮನೆಯಲ್ಲೂ ಕೂಡಿಸಿದ್ದೇನೆ’ ಎಂದು ಹೇಳಬೇಕಾಗಿತ್ತು ನನಗೆ. ನಿಮ್ಮವ್ವ ತವರಿಗೆ ಹುಕ್ಕೇರಿಗೆ ಹೋದ ಎಂಟು ದಿನದಲ್ಲಿ ಮಾಲಿಂಗಪ್ಪನನ್ನು ಕರೆದೆ.

‘ಅಕ್ಕಾರಿಗೆ ಒಂದ ಮಾತ ಕೇಳ್ರಿ,’ ಎಂದ ಅವನು.

‘ಕೇಳಿದ್ರ ಬ್ಯಾಡ ಅಂತಾಳ,’ ಎಂದೆ.

‘ಅಂದ್ರ ಉತ್ತರ ನಿಮಗ ಗೊತ್ತೈತಿ. ಗೊತ್ತಿದ್ದ ಮ್ಯಾಲೆ ಯಾಕ ಅಗಿಯೋದ್ರಿ?’

ಅಗೆಸಿದೆ. ಸಂಡಾಸಿನಿಂದ ಗುಂಡಿಗೆ ನೆಲದಡಿ ಕೊಳವೆ ಹಾಕಿ, ಮಣ್ಣು ಮುಚ್ಚಿ, ಮೇಲೆ ತುಳಸಿಯನ್ನೂ ನಾಲ್ಕು ಬಸಳೆ ಬಳ್ಳಿಯನ್ನೂ ಹಚ್ಚಿಸಿದೆ. ಬಂದವಳು ಬಸಳೆ ನೋಡಿ ಸಂತೋಷಪಟ್ಟಳು. ಗ್ಯಾಸು ಭರಪೂರ ಬಂತು. ಎಮ್ಮೆಗೆ ಹಿಂಡಿ ಬದಲಿಸಿದೆ, ಅದಕ್ಕೆ ಎಂದೆ.

ತೊಂಬತ್ನಾಲ್ಕರಲ್ಲಿ ನಮ್ಮ ಬಸದಿಯಲ್ಲಿ ಮುನಿ ಮಹಾರಾಜರ ಚಾತುರ್ಮಾಸ. ನಿನಗೆ ನೆನಪಿರಬೇಕು, ನೀನೇ ಬಾವಿಯ ನೀರು ಸೇದಿ, ಅರಿವೆಯಿಂದ ಸೋಸಿ ಕೊಡುತ್ತಿದ್ದೆ. ಮಹಾರಾಜರ ಜೊತೆಯಲ್ಲಿದ್ದವರು ಉರಿ ಯಾವುದರದ್ದು ಎಂದು ಕೇಳಿದರು. ಶುದ್ಧ ಸಗಣಿಯದ್ದು ಎಂದೆ. ಹದಿನಾರು ದಿನ ನಿಮ್ಮವ್ವ ಅವರನ್ನು ಆಹಾರಕ್ಕೆ ಕರೆಯಲು ಕಲಶ ಹಿಡಿದು ಬಾಗಿಲಲ್ಲಿ ನಿಂತಳು, ಮಹಾರಾಜರು ಬೇರೆ ಬಾಗಿಲಿಗೆ ಹೋದರು. ಹದಿನೇಳನೆಯ ದಿನ ನಮ್ಮ ಬಾಗಿಲಲ್ಲಿ ನಿಂತರು. ಒಳಗೆ ಕರೆದು, ಕಾಲು ತೊಳೆದು, ನಾನೂ ಅವಳೂ ಕೈ ಜೋಡಿಸಿ ಹೇಳಬೇಕಾದದ್ದನ್ನು ಹೇಳಿದೆವು: ಮನಸ್ಸು ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ. ಅವಳ ಧ್ವನಿ ನಡುಗುತ್ತಿತ್ತು, ಸಂತೋಷಕ್ಕೆ. ನನ್ನದು ಗಟ್ಟಿಯಾಗಿತ್ತು. ಮಹಾರಾಜರು ನಿಂತುಕೊಂಡು, ಬೊಗಸೆಯಲ್ಲಿ, ಅವಳ ಕೈಯಿಂದ ಆಹಾರ ಸ್ವೀಕರಿಸಿದರು. ಆ ದಿನ ಅವಳು ಊಟ ಮಾಡಲಿಲ್ಲ, ಹಸಿವೆಯೇ ಇಲ್ಲ ಎಂದಳು.

ಅಲ್ಲಿಗೆ ನನ್ನ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ. ಹುಕ್ಕೇರಿಯ ಆಚೆ ಒಂದು ಹಳ್ಳಿಯಲ್ಲಿ ಶಿದ್ಲಿಂಗಪ್ಪ ಎಂಬ ಹಿರಿಯರು, ಸಂಡಾಸಿನ ಗ್ಯಾಸಿನ ಮೇಲೆ ಬೇಯಿಸಿದ್ದನ್ನು ನಾಯಿ ತಿನ್ನುವುದೇ ಎಂದು ಎಲ್ಲರ ಮುಂದೆ ನನ್ನನ್ನು ಹೀಯಾಳಿಸಿದರು. ಕೂತ ಮಂದಿ ಏಳಲು ನೋಡುತ್ತಿದ್ದರು. ನಾನು ಎದ್ದು ನಿಂತು, ನಮ್ಮ ಮನೆಯಲ್ಲಿ ಕೂಡಿಸಿ ಎರಡು ವರ್ಷವಾಯಿತು, ಅದರ ಮೇಲೆ ಮಾಡಿದ ಆಹಾರವನ್ನು ಮುನಿ ಮಹಾರಾಜರೇ ಸ್ವೀಕರಿಸಿದ್ದಾರೆ ಎಂದುಬಿಟ್ಟೆ. ಆ ಊರಿನಲ್ಲಿ ಒಂದೇ ತಿಂಗಳಿಗೆ ಒಂಬತ್ತು ಗುಂಡಿ ಆದವು. ವಹಿಯಲ್ಲಿ ಇವೆ.

ತೊಂಬತ್ತಾರು, ನಿನ್ನ ಮದುವೆಯಾಗಿ ಎರಡು ತಿಂಗಳಿಗೆ ದೊಡ್ಡ ಮಳೆ ಬಂತು. ಬಸಳೆಯ ಕೆಳಗೆ ಮಣ್ಣು ಕುಸಿಯಿತು. ನಾನೂ ಮಾಲಿಂಗಪ್ಪನೂ ಅಗೆದು ಒಡೆದ ಕೊಳವೆಯನ್ನು ತೆಗೆಯುತ್ತಿದ್ದೆವು. ನಿಮ್ಮವ್ವ ಅವನಿಗೆ ಕುಡಿಯಲು ನೀರು ತಂದಳು. ಕೊಳವೆ ಎಲ್ಲಿಂದ ಬಂದಿದೆ, ಎಲ್ಲಿಗೆ ಹೋಗಿದೆ ಎಂದು ಕಣ್ಣಿನಿಂದಲೇ ಅಳೆದಳು. ಚೆಂಬನ್ನು ಕೆಳಗಿಟ್ಟು ಒಳಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು. ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಮೂರು ಕಲ್ಲು, ಮೇಲೆ ರೊಟ್ಟಿಯ ಹಂಚು.

ಆ ವಾರವೇ ಕೊಳವೆ ಕಿತ್ತೆ. ಸಂಡಾಸಿಗೆ ಬೇರೆ ಗುಂಡಿ ಮಾಡಿಸಿದೆ. ಹಳೆಯದನ್ನು ಮುಚ್ಚಿಸಿ, ಓಣಿಯ ಆ ಬದಿಗೆ ಹೊಸದಾಗಿ ಬರೀ ಸಗಣಿಯ ಗುಂಡಿ ಕಟ್ಟಿಸಿದೆ. ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ, ನೆಲದಡಿ ಏನೂ ಇಲ್ಲ ಎಂದೆ. ‘ಇರಬಹುದ್ರಿ,’ ಎಂದಳು. ‘ನೀವ ಖರೆ ಹೇಳಿದ್ರೂ ಅದು ಖರೆ ಅಂತ ನನಗ ಗೊತ್ತಾಗೂದ ಹ್ಯಾಂಗ?’ ನಾಲ್ಕುನೂರು ಮನೆಯವರನ್ನು ಒಪ್ಪಿಸಿದವನಿಗೆ ಒಬ್ಬ ಹೆಂಗಸಿನ ಕೈಯಿಂದ ಒಂದು ಕಡ್ಡಿ ಗೀರಿಸಲು ಆಗಲಿಲ್ಲ.

ಆದ್ದರಿಂದ ಬಾ, ಆದರೆ ಒಲೆ ಒಡೆಯಬೇಡ. ಅವಳನ್ನು ಬೈಯಬೇಡ. ಬೈಯುವುದಿದ್ದರೆ ಪಡಸಾಲೆಯಲ್ಲಿ ನಾನಿರುತ್ತೇನೆ.

ಉಳಿದ ಸುದ್ದಿ ಹೆಚ್ಚಿಲ್ಲ. ಈ ಸಲವೂ ಹಿಡಕಲ್ ಡ್ಯಾಮಿನ ನೀರು ಕಾಲುವೆಗೆ ಯಾವಾಗ ನಿಲ್ಲುತ್ತದೆ ಎಂಬುದೇ ಎಲ್ಲರ ಮಾತು. ಮಾಲಿಂಗಪ್ಪನ ಮೊಣಕಾಲು ಬಿದ್ದುಹೋಗಿದೆ, ಗುಂಡಿಗೆ ಇಳಿಯಲಾರ; ಮೇಲೆ ಕೂತು ಇಟ್ಟಿಗೆ ಇಡುವವರನ್ನು ಬೈಯುತ್ತಾನೆ. ಫಕೀರವ್ವ ದಿನಾ ಮಧ್ಯಾಹ್ನ ಬಂದು ನಿಮ್ಮವ್ವನ ಬೆನ್ನು ತಿಕ್ಕಿ ಹೋಗುತ್ತಾಳೆ. ಬರುವಾಗ ಸಂಕೇಶ್ವರದ ಬೆಲ್ಲ ತರಬೇಡ, ಕೆಮ್ಮಿಗೆ ಆಗುವುದಿಲ್ಲವಂತೆ. ಮಕ್ಕಳನ್ನು ಮರೆಯದೆ ಕರೆದುಕೊಂಡು ಬಾ.

ನಿನಗೂ ಅಳಿಯಂದಿರಿಗೂ ಮಕ್ಕಳಿಗೂ ನಿಮ್ಮವ್ವ ಮನಸಾರೆ ಆಶೀರ್ವಾದ ಹೇಳಿದ್ದಾಳೆ. ನೂರು ಕಾಲ ಬಾಳಿರಿ ಎಂದಿದ್ದಾಳೆ.

ನಿನ್ನ ಅಪ್ಪ,
ಧರಣೇಂದ್ರ

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ನಿಮ್ಮವ್ವ ಗೋಡೆಗೆ ಆನಿಕೊಂಡು ನೋಡುತ್ತಿದ್ದವಳು, ‘ಎಲ್ಲಾ ಬರದ್ರ್ಯಾ?’ ಎಂದಳು. ಬರೆದೆ ಎಂದೆ. ‘ಓದ್ರಿ,’ ಎಂದಳು. ಮೊದಲಿನಿಂದ ಓದಿದೆ. ಮುಗಿದ ಮೇಲೆ, ‘ತಲಿ ಮ್ಯಾಲಿನ ಕೈ ಎಲ್ಲೈತಿ ಇದರಾಗ?’ ಎಂದಳು. ಅದಕ್ಕಾಗಿ ಈ ಹಾಳೆ.

ಹುಕ್ಕೇರಿಯ ಆಚೆ ನಾನು ಆಡಿದ ಮಾತು ಅಲ್ಲಿಯೇ ಉಳಿಯಲಿಲ್ಲ. ನಿನ್ನ ಮದುವೆಯ ಮಾತುಕತೆ ನಡೆದಾಗ, ನಿಮ್ಮ ಅತ್ತೆಯ ಕಡೆಯ ಒಬ್ಬ ಹೆಂಗಸು ಬಸದಿಯಲ್ಲಿ ನಿಮ್ಮವ್ವನನ್ನು ಮೂಲೆಗೆ ಕರೆದು, ನಿಮ್ಮ ಮನೆಯವರು ಹೀಗೆ ಹೇಳಿಕೊಂಡು ತಿರುಗುತ್ತಾರೆ, ಖರೆಯೇ ಎಂದು ಕೇಳಿದಳು. ಖರೆಯಾದರೆ ಆ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ನಿಮ್ಮವ್ವ ನೇರ ಮನೆಗೆ ಬಂದು ನನ್ನನ್ನು ಕೇಳಿದಳು. ನೀನು ಪಡಸಾಲೆಯಲ್ಲಿ ಮೆಂತ್ಯೆ ಬಿಡಿಸುತ್ತ ಕೂತಿದ್ದೆ. ನಾನು ಎದ್ದು ಬಂದು ನಿನ್ನ ತಲೆಯ ಮೇಲೆ ಬಲಗೈ ಇಟ್ಟೆ. ‘ಇಕಿ ಮ್ಯಾಲಿನ ಆಣಿ. ಅಂಥಾ ಕೊಳಿವಿ ನಮ್ಮ ಮನ್ಯಾಗಿಲ್ಲ,’ ಎಂದೆ. ನೀನು ನಕ್ಕೆ. ‘ಅಪ್ಪಾ, ಕೈ ತಗಿ, ಕೂದಲಾ ಕೆಡತಾವು,’ ಎಂದೆ. ಯಾವ ಕೊಳವೆ ಎಂದೂ ನೀನು ಕೇಳಲಿಲ್ಲ. ನಿಮ್ಮವ್ವ ನಂಬಿದಳು. ಹೋಗಿ ಆ ಹೆಂಗಸಿಗೆ ಹೇಳಿದಳು. ಮದುವೆ ಆಯಿತು. ಎರಡು ತಿಂಗಳಿಗೆ ಕೊಳವೆ ಕಂಡಳು.

ಮರುವರ್ಷ ಸಪ್ಟೆಂಬರಿನಲ್ಲಿ ನಿನ್ನ ಮೊದಲ ಕೂಸು ಹನ್ನೊಂದು ದಿನಕ್ಕೆ ಹೋಯಿತು. ನಿನ್ನನ್ನು ನೋಡಿ ಸಂಕೇಶ್ವರದಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ನಿಮ್ಮವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: ‘ಯಾರ ತಲಿ ಮ್ಯಾಲೆ ಕೈ ಇಟ್ರಿ, ಆಕಿಗೆ ನೀವ ಹೇಳ್ರಿ. ಹೇಳಿದ ದಿನಾ ನಾ ಒಳಗ ಬಂದ ಗ್ಯಾಸ್ ಹಚ್ಚತೀನಿ. ಅಲ್ಲೀಮಟ ಆ ಆಣಿ ಆಕಿ ಕಡೆ ಹೋಗೂದ ಬ್ಯಾಡ, ನನ್ನ ಕಡೆ ಬರಲಿ.’ ನಾನಾದರೂ ಏಕೆ, ನೀನೇ ಹೇಳು ಎಂದೆ. ‘ಸುಳ್ಳ ನಂದಲ್ಲ,’ ಎಂದಳು.

ಕೂಸಿನ ಎದೆಯಲ್ಲಿ ಹುಟ್ಟಿನಿಂದಲೇ ದೋಷವಿತ್ತು ಎಂದು ಡಾಕ್ಟರು ಹೇಳಿದ್ದನ್ನು ನೀನೂ ಕೇಳಿದ್ದೀ. ಅದೇ ಖರೆ. ಆಣೆಗೆ ಅಂಥ ಕೈಯಿಲ್ಲ, ನಾನು ನಂಬುವುದಿಲ್ಲ, ನೀನೂ ನಂಬಬೇಡ. ಆದರೆ ಅಂದಿನಿಂದ ನಿನ್ನ ತಲೆಯ ಮೇಲೆ ಇಡಲು ನನ್ನ ಕೈ ಏಳಲಿಲ್ಲ. ನನ್ನ ಹಳೆಯ ಪತ್ರಗಳು ಇದ್ದರೆ ತೆಗೆದು ನೋಡು, ಒಂದರಲ್ಲೂ ನನ್ನ ಆಶೀರ್ವಾದ ಇಲ್ಲ. ಎಲ್ಲ ನಿಮ್ಮವ್ವನದೇ.

ಕೂಸು ಹೋದ ಹೊಸತರಲ್ಲಿ ಹೇಗೆ ಹೇಳಲಿ ಎಂದುಕೊಂಡೆ. ಯಶ ಹೊಟ್ಟೆಯಲ್ಲಿದ್ದಾಗ ನಿನ್ನ ಮನಸ್ಸಿಗೆ ಆಗಬಾರದೆಂದೆ. ಯಶ ಹುಟ್ಟಿದ ಮೇಲೆ ಸಂತೋಷದಲ್ಲಿ ಏಕೆ ಎಂದೆ. ಭಕ್ತಿ ಹುಟ್ಟಿದಾಗ, ಈಗ ಎಲ್ಲ ಸರಿಯಿದೆಯಲ್ಲ ಎಂದೆ. ಒಂದೊಂದು ವರ್ಷಕ್ಕೆ ಒಂದೊಂದು ಕಾರಣವಿತ್ತು, ಎಲ್ಲವೂ ಚೊಕ್ಕವಾಗಿದ್ದವು. ಆ ಹೊತ್ತಿನಲ್ಲೇ ಬಿಸಿಲ ಒಲೆ ತರುತ್ತಿದ್ದೆ, ಸಿಲಿಂಡರ್ ತರುತ್ತಿದ್ದೆ. ಅವಳು ದಿನಕ್ಕೆ ಎರಡು ಸಲ ಹಿತ್ತಲಿಗೆ ಹೋಗಿ ಒಲೆ ಊದುತ್ತಿದ್ದಳು. ಇಪ್ಪತ್ನಾಲ್ಕು ದಿನಕ್ಕೆ ಮನ್ನಿಸು ಎಂದು ಮೇಲೆ ಬರೆದಿದ್ದೇನೆ. ತಡವಾದದ್ದು ಏಳು ವರ್ಷ ನಾಲ್ಕು ತಿಂಗಳು.

ನೀನು ಉತ್ತರ ಬರೆಯುವುದಾದರೆ ಅವಳ ಹೆಸರಿಗೆ ಬರೆ. ಅವಳಿಗೆ ಓದಲು ಬರುತ್ತದೆ, ನಾನು ನಡುವೆ ಬರುವ ಅಗತ್ಯವಿಲ್ಲ.

ಇಷ್ಟನ್ನೂ ಈಗ ಓದಿ ತೋರಿಸಿದೆ. ಇನ್ನು ಒಳಗೆ ನಡೆ, ಗ್ಯಾಸು ಹಚ್ಚು ಎಂದೆ. ‘ಟಪಾಲ ಡಬ್ಬಿಗೆ ಹಾಕಿ ಬರ್ರಿ ಮೊದಲ,’ ಎಂದಳು. ‘ಬಂದ ಮ್ಯಾಲೆ ಹಚ್ಚತೀನಿ.’ ಇವತ್ತು ಹಿತ್ತಲ ಒಲೆ ಹೊತ್ತಿಸಿಲ್ಲ. ಅಡಿಗೆಮನೆಯಲ್ಲಿ ಗ್ಯಾಸಿನ ಮುಂದೆ ಮಣೆ ಹಾಕಿಕೊಂಡು, ಕಡ್ಡಿಪೆಟ್ಟಿಗೆ ಹಿಡಿದು ಕೂತಿದ್ದಾಳೆ. ನಾನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಈ ನಾಲ್ಕು ಸಾಲು ಗೀಚುತ್ತಿದ್ದೇನೆ. ಎಂಟು ವರ್ಷದ ಮೇಲೆ ಇವತ್ತೇ ಮೊದಲು, ಮನೆಯಲ್ಲಿ ಎಲ್ಲಿಯೂ ಒಂದೆಳೆ ಹೊಗೆಯಿಲ್ಲ. ಅವಳು ಕೆಮ್ಮುತ್ತಿದ್ದಾಳೆ.